ಗಂಜಿ ಡಬ್ಬಕ್ಕೆ ಸೀಟ್ ಬೆಲ್ಟ್

ಅಪಘಾತವಾದ ಮೇಲೆ ಏನು ಮಾಡಬೇಕು ಎಂಬುದು ನನಗೆ ಅಪಘಾತವಾಗುವ ಎಷ್ಟೋ ವರ್ಷ ಮೊದಲೇ ಬಾಯಿಪಾಠವಾಗಿತ್ತು. ಮೊದಲು ಕೈಕಾಲು ಅಲ್ಲಾಡಿಸಿ ನೋಡಿಕೊಳ್ಳಬೇಕು. ಪೆಟ್ಟಾದವರನ್ನು ಎಳೆದಾಡಬಾರದು. ಆಂಬುಲೆನ್ಸಿಗೆ ಫೋನ್ ಮಾಡಬೇಕು, ಗಾಡಿಗಳನ್ನು ಕದಲಿಸುವ ಮೊದಲೇ ಫೋಟೋ ತೆಗೆಯಬೇಕು, ತಪ್ಪು ಯಾರದ್ದು ಎಂದು ರಸ್ತೆಯಲ್ಲಿ ಬಾಯಿ ಬಿಡಬಾರದು, ನೋವಿಲ್ಲದಿದ್ದರೂ ಡಾಕ್ಟರಿಗೆ ತೋರಿಸಬೇಕು. ತಿರುಪ್ಪೂರಿನ ಒಂದು ಬನಿಯನ್ ಕಂಪನಿಯಲ್ಲಿ ಲೆಕ್ಕ ಬರೆಯುವವನು ನಾನು. ಮಧ್ಯಾಹ್ನದ ಊಟವಾದ ಮೇಲೆ ಪಕ್ಕದವರೆಲ್ಲ ಫೋನಿನಲ್ಲಿ ಸಿನಿಮಾ ನೋಡಿದರೆ ನಾನು ನನ್ನ ಸಾವಿನ ಸಾಧ್ಯತೆಗಳನ್ನು ಓದುತ್ತೇನೆ.

ಆ ದಿನ ಜೊತೆಗಿದ್ದವಳು ಅಕ್ಕ. ನನಗಿಂತ ಹತ್ತು ವರ್ಷ ದೊಡ್ಡವಳು, ಧೈರ್ಯದಲ್ಲಿ ನೂರು ವರ್ಷ. ಕೊಯಮತ್ತೂರಿನ ಕಡೆಯ ನಮ್ಮ ನೇಕಾರರ ಬೀದಿಯಲ್ಲಿ ಅವಳ ಮಗ್ಗ ಇನ್ನೂ ಆಡುತ್ತದೆ. ನಾವು ಈ ಸೀಮೆಗೆ ಬಂದು ಎಷ್ಟು ತಲೆಮಾರಾಯಿತೋ ಯಾರಿಗೂ ನೆನಪಿಲ್ಲ. ಹೊಸ್ತಿಲೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಈ ಅಕ್ಷರಗಳನ್ನು ಓದಲು ಬರುವವನು ಬೀದಿಯಲ್ಲಿ ನಾನೊಬ್ಬನೇ, ಆದ್ದರಿಂದ ಇದನ್ನು ಓದಿ ಅಕ್ಕ ಬೈಯುತ್ತಾಳೆ ಎಂಬ ಒಂದು ಭಯ ಮಾತ್ರ ನನಗಿಲ್ಲ.

ಕಾಂಗೇಯಂ ಕಡೆಗೆ ಕೊಟ್ಟಿರುವ ಅಕ್ಕನ ಮಗಳಿಗೂ ಮಗ್ಗವಿದೆ. ಆದರೆ ಅವಳ ಮನೆಯ ಗಂಜಿ ಸರಿಯಾಗಿ ಹುಳಿಯುವುದಿಲ್ಲ ಎಂಬುದು ಅಕ್ಕನ ದೂರು. ನಮ್ಮಲ್ಲಿ ನೂಲಿನ ಹಾಸನ್ನು ಬೆಳಗ್ಗೆ ಬೀದಿಯುದ್ದಕ್ಕೂ ಚಾಚಿ, ಅಕ್ಕಿ ಗಂಜಿ ಹಚ್ಚಿ, ಕುಂಚದಿಂದ ಬಾಚಿ ಒಣಗಿಸುತ್ತಾರೆ. ಎಳೆ ಗಟ್ಟಿಯಾಗಬೇಕಾದರೆ ಗಂಜಿ ದಿನಗಟ್ಟಲೆ ಹುಳಿತಿರಬೇಕು. ಹಾಲಿಗೆ ಹೆಪ್ಪು ಹಾಕಿದ ಹಾಗೆ ಅಕ್ಕ ಹಳೆಯ ಗಂಜಿಯನ್ನು ಒಂದಿಷ್ಟು ಉಳಿಸಿ ಹೊಸದಕ್ಕೆ ಬೆರೆಸುತ್ತಾಳೆ, ಅವಳ ಅತ್ತೆಯೂ ಹಾಗೆಯೇ ಮಾಡುತ್ತಿದ್ದರು. ಆ ಹೆಪ್ಪನ್ನು ಒಂದು ಪ್ಲಾಸ್ಟಿಕ್ ಡಬ್ಬದ ತುಂಬ ಮಗಳಿಗೆ ಕೊಡಲು ನಾವು ಹೊರಟಿದ್ದೆವು. ಅಕ್ಕ ಬಸ್ಸಿನಲ್ಲಿ ಹೋಗೋಣ ಎಂದಳು. ಬಸ್ಸಿನವರು ಹಾರಿಸುತ್ತಾರೆ ಎಂದು ನಾನು ಫೋನಿನಲ್ಲಿ ಕಾರು ಕರೆಸಿದೆ.

ಡ್ರೈವರ್ ನನ್ನ ವಯಸ್ಸಿನವನೇ, ದಪ್ಪ ಕನ್ನಡಕದವನು. ಮೊದಲು ಬನಿಯನ್ ಹೊಲಿಯುತ್ತಿದ್ದನಂತೆ. ಡಬ್ಬ ಒಳಗೆ ಬಂದ ಕೂಡಲೇ ಮೂಗಿಗೆ ಟವಲು ಒತ್ತಿಕೊಂಡ.

“ಎನ್ನ ಸಾರ್ ಇದು, ಇಪ್ಪಡಿ ನಾತ್ತಂ? ಕಳ್ಳು ಕಿಳ್ಳು ಇಲ್ಲೆಯೇ?”

ಕಳ್ಳಿನ ಮಾತು ಕೇಳಿ ಅಕ್ಕ ಸಿಡಿದಳು. “ಕಳ್ಳಾ? ನಮ್ಮ ಹಾಸಿನ ಗಂಜಿ ಇವನಿಗೆ ಕಳ್ಳಂತೆ! ಮೂಗಿದ್ಯಾ ಇವನಿಗೆ? ಏನ್ ನಾತ ಬರುತ್ತೆ ಡಾ, ನೀ ಹೇಳು.”

ನಾನು ಮೂಸಿ ನೋಡಿದೆ. ನಿಜವಾಗಿಯೂ ನನಗೆ ಏನೂ ಬರಲಿಲ್ಲ. ಹುಟ್ಟಿದಾಗಿನಿಂದ ಆ ಬೀದಿಯಲ್ಲಿರುವವನ ಮೂಗಿಗೆ ಗಂಜಿ ಎಂದರೆ ಗಾಳಿ.

ಡಿಕ್ಕಿಯಲ್ಲಿಟ್ಟರೆ ಉರುಳುತ್ತದೆ, ಕಾಲ ಬಳಿ ಇಟ್ಟರೆ ಬ್ರೇಕ್ ಹಾಕಿದಾಗ ಚೆಲ್ಲುತ್ತದೆ. ಎಲ್ಲವನ್ನೂ ಯೋಚಿಸಿ ನಾನು ಡಬ್ಬವನ್ನು ಮುಂದಿನ ಸೀಟಿನಲ್ಲಿ ಕೂರಿಸಿದೆ. ಮುಚ್ಚಳವನ್ನು ಕೈ ನೋಯುವಷ್ಟು ಬಿಗಿದು, ಸೀಟ್ ಬೆಲ್ಟನ್ನು ಸುತ್ತಿ ಹಾಕಿ, ಎಳೆದು ನೋಡಿ, ಇನ್ನೊಮ್ಮೆ ಎಳೆದು ನೋಡಿದೆ.

“ನೀ ಏರೋ ವಂಡಿಗೆ ಯಮ ಕೂಡ ಏರಲ್ಲ ಡಾ,” ಎಂದಳು ಅಕ್ಕ. “ತಲೆನೋವು ಬರುತ್ತೆ ಅಂತ ಮುಂದಿನ ವಂಡಿ ಹಿಡೀತಾನೆ.”

ಕಾಂಗೇಯಂ ಹತ್ತಿರವಾದಂತೆ ರಸ್ತೆಯ ಎರಡೂ ಕಡೆ ಕೊಬ್ಬರಿ ಒಣಗಿಸುವ ಅಂಗಳಗಳು. ಬಿಸಿಲಿಗೆ ಬೆಳ್ಳಗೆ ಹರಡಿದ ಕೊಬ್ಬರಿ, ನಡುವೆ ಉದ್ದನೆಯ ಕೋಲು ಹಿಡಿದು ಅದನ್ನು ತಿರುವುವ ಗಂಡಸರು. ಒಂದು ಎಣ್ಣೆ ಗಿರಣಿಯ ಗೇಟಿನಿಂದ ಮೊಪೆಡ್ಡೊಂದು ತೆಂಗಿನಕಾಯಿಯ ಮೂಟೆ ಹೇರಿಕೊಂಡು, ಎಡವೂ ಬಲವೂ ನೋಡದೆ ರಸ್ತೆಗೆ ನುಗ್ಗಿತು. ಡ್ರೈವರ್ ಸ್ಟಿಯರಿಂಗ್ ಎಳೆದ. ಮೊಪೆಡ್ಡಿನ ಹಿಂಭಾಗಕ್ಕೆ ಬಡಿದ ಸದ್ದು ಚಿಕ್ಕದು. ಬೇವಿನ ಮರಕ್ಕೆ ಬಡಿದ ಸದ್ದು ಎಷ್ಟು ದೊಡ್ಡದಿತ್ತೆಂದರೆ ಅದು ನನ್ನ ಹಲ್ಲಿನೊಳಗೆ ಕೇಳಿಸಿತು.

ಆಮೇಲೆ ಒಂದು ಗಳಿಗೆ ಬರೀ ತೆಂಗಿನಕಾಯಿ ಉರುಳುವ ಶಬ್ದ.

ನಾನು ಪಾಠದ ಪ್ರಕಾರ ಕೈ ಆಡಿಸಿದೆ, ಕಾಲು ಆಡಿಸಿದೆ. ಒಂದು ಗೀರೂ ಇರಲಿಲ್ಲ. ಅಕ್ಕ ಭುಜ ಹಿಡಿದು ಹಲ್ಲು ಕಚ್ಚಿದ್ದಳು, ಅವಳ ಕಡೆಯ ಬಾಗಿಲು ಒಳಕ್ಕೆ ಮಡಚಿಕೊಂಡಿತ್ತು. ಮುಂದೆ ಡಬ್ಬ ಬೆಲ್ಟಿನೊಳಗೆ ನೆಟ್ಟಗೆ ಕೂತೇ ಇತ್ತು. ಆದರೆ ಬಿಸಿಲಿಗೆ ಉಬ್ಬಿದ್ದ ಗಂಜಿ ಆ ಏಟಿಗೆ ಮುಚ್ಚಳವನ್ನು ಹಾರಿಸಿ ಮುಕ್ಕಾಲು ಪಾಲು ಡ್ರೈವರನ ಮೇಲೆ ಸುರಿದಿತ್ತು. ತಲೆ, ಕನ್ನಡಕ, ಅಂಗಿ, ಎಲ್ಲ ಬೆಳ್ಳಗೆ ತೊಟ್ಟಿಕ್ಕುತ್ತಿತ್ತು.

ಅವನು ಬಾಗಿಲು ತೆಗೆದು ಮೊದಲು ಓಡಿದ್ದು ಮೊಪೆಡ್ಡಿನವನ ಕಡೆಗೆ. ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಬಿದ್ದವನ ಕಾಲು ಮೊಣಕಾಲಿನ ಕೆಳಗೆ ತಿರುಗಬಾರದ ಕಡೆಗೆ ತಿರುಗಿತ್ತು. ಡ್ರೈವರ್ ಅವನ ತಲೆಯ ಕೆಳಗೆ ಕೈ ಕೊಟ್ಟು, “ಅಣ್ಣೇ, ಅಣ್ಣೇ” ಎನ್ನುತ್ತಿದ್ದ. ಅಂಗಳದ ಗಂಡಸರು ಅಷ್ಟರಲ್ಲಿ ಬಂದು ಸುತ್ತುವರಿದರು. ಒಬ್ಬ ಬಗ್ಗಿ ಡ್ರೈವರನನ್ನು ಮೂಸಿದ.

“ಡೇ, ಕುಡಿಚ್ಚಿರುಕ್ಕಾನ್ ಡಾ!”

ಕುಡಿದಿದ್ದಾನೆ ಎಂಬ ಆ ಒಂದು ಮಾತೇ ಸಾಕಾಯಿತು.

ಮೊದಲ ಏಟು ಕೆನ್ನೆಗೆ. ಕನ್ನಡಕ ಹಾರಿ ರಸ್ತೆಗೆ ಬಿತ್ತು, ಯಾರದೋ ಚಪ್ಪಲಿ ಅದರ ಮೇಲೆ ನಿಂತಿತು. ಎರಡನೆಯದನ್ನು ಕೊಬ್ಬರಿ ತಿರುವುವ ಕೋಲಿನಿಂದ ಹೊಡೆದರು. ಮೈಮೇಲೆ ಕೋಲು ಬೀಳುವ ಸದ್ದು ಸಿನಿಮಾದಲ್ಲಿ ಕೇಳುವ ಹಾಗಿರುವುದಿಲ್ಲ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ, ಮಂದವಾಗಿ, ಒಂದೇ ಸಮನೆ. ಅವನು “ಕುಡಿಕ್ಕಲೆ ಅಣ್ಣೇ, ಸತ್ತಿಯಮಾ ಕುಡಿಕ್ಕಲೆ” ಎಂದು, ಕುಡಿದಿಲ್ಲವೆಂದು ಆಣೆಯಿಟ್ಟು ಕೈ ಮುಗಿದ. ಮುಗಿದ ಕೈಯ ಮೇಲೇ ಕೋಲು ಬಿತ್ತು. ಕೆಳಗೆ ಬಿದ್ದವನ ಕಿವಿಗೆ ಒಬ್ಬ ಹಿಮ್ಮಡಿಯಿಂದ ತುಳಿದ. ಬಾಯಿಂದ ರಕ್ತ ಬಂದು ಗಂಜಿಯೊಂದಿಗೆ ಕಲೆತು ಗದ್ದದ ಮೇಲೆ ಗುಲಾಬಿ ಬಣ್ಣಕ್ಕಿಳಿಯಿತು. ಆ ಬಣ್ಣ ಈಗಲೂ ನನಗೆ ಅಂಗಡಿಯ ಸೀರೆಗಳಲ್ಲಿ ಸಿಗುತ್ತದೆ, ನೋಡದ ಹಾಗೆ ಮುಂದೆ ಹೋಗುತ್ತೇನೆ.

ನಾನು ಏನು ಮಾಡುತ್ತಿದ್ದೆ? ಫೋಟೋ ತೆಗೆಯುತ್ತಿದ್ದೆ. ಗಾಡಿಗಳನ್ನು ಕದಲಿಸುವ ಮೊದಲು ತೆಗೆಯಬೇಕು ಎಂದು ಓದಿದ್ದೆನಲ್ಲ. ಮರಕ್ಕೆ ಒರಗಿದ ಕಾರು, ನಂಬರ್ ಪ್ಲೇಟು, ಟೈರಿನ ಗುರುತು. ಫೋಟೋದ ಮೂಲೆಯಲ್ಲಿ ಒಬ್ಬ ಮನುಷ್ಯನನ್ನು ಸಾಯಬಡಿಯುತ್ತಿರುವುದು ಕಾಣಿಸಿದಾಗ ನಾನು ಓದಿದ್ದೆಲ್ಲ ಅಲ್ಲಿಗೆ ಮುಗಿದುಹೋಯಿತು. ಡ್ರೈವರನನ್ನು ಜನ ಹೊಡೆದರೆ ಏನು ಮಾಡಬೇಕೆಂದು ಯಾರೂ ಎಲ್ಲಿಯೂ ಬರೆದಿರಲಿಲ್ಲ.

ಮಧ್ಯೆ ನುಗ್ಗಿ ತಮಿಳಿನಲ್ಲಿ ಕೂಗಿದೆ. ಅದು ಕಳ್ಳಲ್ಲ, ಗಂಜಿ, ಮಗ್ಗದ ಗಂಜಿ, ನಮ್ಮದು. ಒಬ್ಬ ನನ್ನ ಕೊರಳಪಟ್ಟಿ ಹಿಡಿದು, “ಗಂಜಿ ಹೀಗೆ ನಾರುತ್ತಾ? ನೀನೂ ಅವನ ಜೊತೆ ಏರಿಸಿದ್ದೀಯಾ?” ಎಂದು ಕೆನ್ನೆಗೆ ಬಿಗಿದ. ಐವತ್ತು ವರ್ಷ ಕಾದಿದ್ದ ಅಪಘಾತದಲ್ಲಿ ನನಗಾದ ಪೆಟ್ಟು ಅದೊಂದೇ.

ಕಾರಿನೊಳಗಿಂದ ಅಕ್ಕನ ಕೂಗು, ಹೊಸ್ತಿಲೊಳಗಿನ ಕನ್ನಡದಲ್ಲಿ. “ಬಾಯಲ್ಲಿ ಹೇಳಿದ್ರೆ ಯಾರ್ ನಂಬ್ತಾರೆ ಡಾ? ಡಬ್ಬ ತಗೋ! ಕುಡಿದು ತೋರ್ಸು! ಬೇಗ, ಸೀಕಿರಂ, ಸಾಯಿಸ್ತಾರೆ ಅವನ್ನ!”

ಮೂರು ಸಲ ಸೋಸಿದ ನೀರು ಕುಡಿಯುವವನು ನಾನು. ಮದುವೆಮನೆಯ ಮಜ್ಜಿಗೆಯನ್ನೂ ನಂಬದವನು. ಮುಂದಿನ ಬಾಗಿಲು ತೆಗೆದು ಡಬ್ಬಕ್ಕೆ ಕೈ ಹಾಕಿದೆ. ಬರಲಿಲ್ಲ. ಬೆಲ್ಟು. ಗುಂಡಿ ಒತ್ತಿದೆ, ಗಂಜಿಯಲ್ಲಿ ನೆಂದ ಬೆರಳು ಜಾರಿತು. ಬೆನ್ನ ಹಿಂದೆ ಕೋಲು ಬೀಳುತ್ತಲೇ ಇತ್ತು, “ಕುಡಿಕ್ಕಲೆ” ಎಂಬ ಮಾತು ಈಗ ಬರೀ “ಅಮ್ಮಾ” ಆಗಿತ್ತು. ಎಳೆದು ಎಳೆದು ನೋಡಿದ್ದ ಆ ಬೆಲ್ಟನ್ನು ಬೈಯುತ್ತಾ, ಅಳುತ್ತಾ, ಹೇಗೋ ಡಬ್ಬವನ್ನು ಅದರ ಕೆಳಗಿನಿಂದ ಕಿತ್ತೆ. ತಳದಲ್ಲಿ ಗಟ್ಟಿ ಗಂಜಿ ಉಳಿದಿತ್ತು. ಗುಂಪಿನ ನಡುವೆ ಹೋಗಿ, ಎಲ್ಲರೂ ನೋಡುವಂತೆ ಎತ್ತಿ ಕುಡಿದೆ. ಗಟಗಟನೆ ಕುಡಿದೆ ಎಂದು ಹೇಳಿಕೊಳ್ಳುವ ಆಸೆ. ಅದು ಗಂಟಲಲ್ಲಿ ಇಳಿಯಲೇ ಇಲ್ಲ, ಹೊರಗೆ ಚೆಲ್ಲಿದ್ದೇ ಹೆಚ್ಚು. ಇಳಿದದ್ದೂ ಮರುಗಳಿಗೆಯಲ್ಲಿ, ನನ್ನ ಕೆನ್ನೆಗೆ ಹೊಡೆದವನ ಕಾಲ ಮೇಲೆ ವಾಪಸು ಬಂತು. ಬೆಳ್ಳಗೆ, ಅನ್ನದ ಅಗುಳಿನ ಸಮೇತ.

ಅವನು ಹಾರಿ ಹಿಂದೆ ಸರಿದ. ಯಾರೋ ನಕ್ಕರು. ಕೋಲು ನಿಂತಿತು.

ಒಬ್ಬ ಡಬ್ಬಕ್ಕೆ ಬೆರಳು ಅದ್ದಿ ಮೂಸಿ, ನಾಲಿಗೆಯ ತುದಿಗೆ ತಾಗಿಸಿ, ಬೆರಳನ್ನು ಲುಂಗಿಗೆ ಒರೆಸಿಕೊಂಡ. “ಸೋತ್ತು ಗಂಜಿ ಡಾ,” ಎಂದ. ಅನ್ನದ ಗಂಜಿ. ಅದಾದ ಮೇಲೆ ಅಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಇಬ್ಬರು ಮೊಪೆಡ್ಡಿನವನಿಗೆ ನೀರು ಕುಡಿಸಲು ಹೋದರು. ಉಳಿದವರು ಒಣಗಿದ ಕೊಬ್ಬರಿಯನ್ನು ಮತ್ತೆ ತಿರುವತೊಡಗಿದರು, ಅದೇ ಕೋಲಿನಿಂದ.

ಪೊಲೀಸರು ಆಂಬುಲೆನ್ಸಿಗಿಂತ ಮೊದಲು ಬಂದರು. ಒಡೆದ ತುಟಿಯಿಂದ ಡ್ರೈವರ್ ಅವರ ಊದುವ ಯಂತ್ರಕ್ಕೆ ಊದಲು ಎರಡು ಸಲ ಸೋತು, ಮೂರನೇ ಸಲ ಊದಿದ. ಸೊನ್ನೆ. ಕಾನ್‌ಸ್ಟೇಬಲ್ ನನ್ನ ಕಡೆ ತಿರುಗಿ ಮೂಗು ಮುರಿದು, ತಮಾಷೆಗೋ ಏನೋ, ನನಗೂ ಹಿಡಿದ. ಅದು ಕಿರುಚಿತು.

“ಡ್ರೈವರ್ ಕುಡಿದಿಲ್ಲ. ಸವಾರಿ ಬಂದ ಸಾರ್ ಕುಡಿದಿದ್ದಾರೆ,” ಎಂದು ಅವನು ಜೊತೆಯವನಿಗೆ ಕೂಗಿ ಹೇಳಿದ.

ಅಷ್ಟರಲ್ಲಿ ಬಂದ ಆಂಬುಲೆನ್ಸಿನ ಸ್ಟ್ರೆಚರಿನ ಮೇಲೆ ಮಲಗಿದ್ದ ಅಕ್ಕ ಕಣ್ಣು ಮುಚ್ಚಿಕೊಂಡೇ ಅಂದಳು, “ನಮ್ಮ ವಂಶಕ್ಕೆ ಮೊದಲ್ನೇ ಕುಡುಕ. ಅಪ್ಪ ಇರಬೇಕಿತ್ತು.”

ಅಕ್ಕನ ಮುರಿದ ಕೊರಳೆಲುಬು ನಿಧಾನವಾಗಿ ಕೂಡಿಕೊಳ್ಳತೊಡಗಿತು. ಮೊಪೆಡ್ಡಿನವನು ಕಾಲಿಗೆ ರಾಡು ಹಾಕಿಸಿಕೊಂಡು, ತಾನೇ ನೋಡದೆ ಬಂದೆ ಎಂದು ಒಪ್ಪಿಕೊಂಡ. ಡ್ರೈವರನ ಪಕ್ಕೆಲುಬುಗಳೂ ಬೆರಳುಗಳೂ ಸರಿಯಾದವು, ಎಡಗಿವಿ ಮಾತ್ರ ಮತ್ತೆ ಕೇಳಿಸಲಿಲ್ಲ. ಆದರೆ ಹೊಡೆಯುವುದನ್ನು ಯಾರೋ ವಿಡಿಯೋ ಮಾಡಿ ‘ಕುಡುಕ ಡ್ರೈವರನಿಗೆ ಪಾಠ’ ಎಂದು ಹರಿಬಿಟ್ಟಿದ್ದರು. ನಾನು ಗಂಜಿ ಕುಡಿಯುವ ಭಾಗ ಅದರಲ್ಲಿರಲಿಲ್ಲ. ಕಾರಿನ ಕಂಪನಿಯವರು ಅವನಿಗೆ ಸವಾರಿ ಕೊಡುವುದನ್ನು ನಿಲ್ಲಿಸಿದರು. ಸಹಾಯದ ಪುಟ ತೆರೆದು ನಾನು ಹುಡುಕಾಡಿದೆ. ಡ್ರೈವರ್ ಒರಟನೇ, ಎಸಿ ಹಾಕಲಿಲ್ಲವೇ, ವಸ್ತು ಮರೆತಿರಾ ಎಂದೆಲ್ಲ ಕೇಳಿತು. ವಾಸನೆ ನಮ್ಮದು ಎಂದು ಹೇಳಲು ಜಾಗವಿರಲಿಲ್ಲ. ಕೊನೆಗೆ ನಾನೂ ಅಕ್ಕನೂ ನಡೆದದ್ದನ್ನು ಬರೆದು ಸಹಿ ಹಾಕಿಕೊಡುತ್ತೇವೆ, ಕಂಪನಿಯ ಆಫೀಸಿಗೆ ಹಿಡಿದುಕೊಂಡು ಹೋಗು ಎಂದು ಅವನಿಗೆ ಫೋನ್ ಮಾಡಿದೆ.

ಅವನು ಬಂದದ್ದು ಬೆಳಗ್ಗೆ. ಬೀದಿಯಲ್ಲಿ ಹಾಸು ಚಾಚಿತ್ತು, ಅಕ್ಕ ಒಂದೇ ಕೈಯಲ್ಲಿ ಗಂಜಿ ಹಚ್ಚುತ್ತಾ, ಕುಂಚ ಎಳೆಯುವವರ ಮೇಲೆ ಕೂಗಾಡುತ್ತಿದ್ದಳು. ಬೀದಿಯ ತುದಿಯಲ್ಲಿ ಅವನು ಕಾಣಿಸಿದ. ಬಾ ಎಂದು ಕೈ ಬೀಸಿದೆ. ಅವನು ನಾಲ್ಕು ಹೆಜ್ಜೆ ಬಂದು ನಿಂತ. ಟವಲನ್ನು ಮೂಗಿಗೆ ಒತ್ತಿಕೊಂಡ. ಮೊದಲ ದಿನ ಒತ್ತಿಕೊಂಡ ಹಾಗಲ್ಲ. ಇನ್ನೊಂದು ಕೈ ತಾನಾಗಿ ಮೇಲೆದ್ದು ಎಡಗಿವಿಯನ್ನು ಮುಚ್ಚಿಕೊಂಡಿತ್ತು. ಹಾಗೆಯೇ ತಿರುಗಿ ದೊಡ್ಡ ರಸ್ತೆಯ ಕಡೆಗೆ, ಓಟವೂ ಅಲ್ಲದ ನಡಿಗೆಯೂ ಅಲ್ಲದ ಒಂದು ರೀತಿಯಲ್ಲಿ ಹೋಗಿಬಿಟ್ಟ.

ನಾನು ಹಿಂದೆ ಹೋದೆ. ಟೀ ಅಂಗಡಿಯ ಗೋಡೆಗೆ ಒರಗಿ ಕೂತಿದ್ದ.

“ಮನ್ನಿಚ್ಚುಕೋಂಗ ಸಾರ್,” ಎಂದ. ಕ್ಷಮಿಸಿ ಎಂದು, ಅವನು ನನಗೆ! “ಒಳಗೆ ಬರಲಾಗಲಿಲ್ಲ. ಆ ವಾಸನೆ ಬಂದ ಕೂಡಲೇ...” ಎಂದು ಕಿವಿ ಮುಟ್ಟಿಕೊಂಡ. “ಅಕ್ಕ ಸಹಿ ಹಾಕಿದರೆ ನೀವೇ ತಂದುಕೊಡ್ತೀರಾ?”

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಒಂದು ಮಾತಾದರೂ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಅರ್ಧ ಹಚ್ಚಿದ ಹಾಸನ್ನು ಹಾಗೆಯೇ ಬಿಟ್ಟು ಎದ್ದಳು. ಬಿಸಿಲೇರಿದರೆ ಎಳೆ ಅಂಟಿಕೊಂಡು ಹಾಳಾಗುತ್ತದೆ ಎಂದು ಕುಂಚದವರು ಕೂಗಿದರೂ ತಿರುಗಿ ನೋಡಲಿಲ್ಲ. ಇನ್ನೂ ಪೂರ್ತಿ ಕೂಡದ ಎಲುಬಿನ ನೋವಿನಲ್ಲೇ ಸೀಗೆಪುಡಿ ಹಾಕಿ ತಲೆಗೆ ಎರೆದುಕೊಂಡಳು, ಪೆಟ್ಟಿಗೆಯಲ್ಲಿದ್ದ ಸೀರೆ ತೆಗೆದು ಉಟ್ಟಳು, ನೀರು ತೊಟ್ಟಿಕ್ಕುವ ಕೂದಲಲ್ಲಿ ಬಂದು ತೋಳನ್ನು ನನ್ನ ಮೂಗಿಗೆ ಹಿಡಿದಳು.

“ಇನ್ನೂ ಬರುತ್ತಾ ನೋಡು ಡಾ. ನಿಜ ಹೇಳು.”

ಮೂಸಿದೆ. ಸೀಗೆಪುಡಿ ಬಂತು, ಪೆಟ್ಟಿಗೆಯ ನುಸಿಗುಳಿಗೆ ಬಂತು. ಇನ್ನೊಂದನ್ನು ಹುಡುಕಿ ಇನ್ನೊಮ್ಮೆ ಮೂಸಿದೆ.

“ನನಗೆ ಗೊತ್ತಾಗಲ್ಲ ಅಕ್ಕಾ.”

“ನನಗೂ,” ಎಂದಳು.

ಸಹಿ ಅವನ ಎದುರಿಗೇ ಹಾಕುತ್ತೇನೆ ಎಂದಳು, ಬರೆದಿಟ್ಟಿದ್ದ ಕಾಗದವನ್ನೂ ಪೆನ್ನನ್ನೂ ತೆಗೆದುಕೊಂಡು ಇಬ್ಬರೂ ಹೊರಟೆವು. ಟೀ ಅಂಗಡಿಗೆ ಇನ್ನೂ ಸ್ವಲ್ಪ ದೂರವಿದ್ದಾಗಲೇ ಅಕ್ಕ ನಿಂತಳು, ಸೆರಗಿನ ತುದಿಯನ್ನು ಎತ್ತಿ ಹಿಡಿದು ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಿದಳು. ಆಮೇಲೆ ರಸ್ತೆ ದಾಟಿ, ಅವನ ಕಡೆಗೆ ಗಾಳಿ ಹೋಗದ ಆ ಬದಿಯ ಬಿಸಿಲಿನಲ್ಲಿ ನಿಂತು, ಕಾಗದ ಇಲ್ಲಿಗೇ ತಾ ಎಂದು ನನಗೆ ಸನ್ನೆ ಮಾಡಿದಳು.