ಬಣ್ಣ ಹಚ್ಚದ ಚಂದ್ರಿಕೆಯ ಜೊತೆ ಚಿಂತಾಮಣಿಗೆ

ಬೆಳಗ್ಗೆ ಆರೂವರೆಗೆ ಗೌರಿಬಿದನೂರಿನ ಬಸ್ ನಿಲ್ದಾಣದಲ್ಲಿ ನಾವು ಮೂವರಿದ್ದೆವು: ನಾನು, ಮಂಜುಳ, ಮತ್ತು ಒಂದು ಚಂದ್ರಿಕೆ. ಈ ಮೂವರಲ್ಲಿ ಹೇಳಿದ ಮಾತು ಕೇಳುವವಳು ನಾನೊಬ್ಬಳೇ ಎಂಬುದು ನನಗೆ ಆಗಲೇ ಗೊತ್ತಾಗಿತ್ತು.

ತೊಂಬತ್ತರ ದಶಕದ ಆರಂಭದ ಒಂದು ಮೇ ತಿಂಗಳದು. ಹತ್ತನೇ ತರಗತಿ ಮುಗಿಸಿದ ಮೂವತ್ತು ಹುಡುಗಿಯರಿಗೆ ಗೌರಿಬಿದನೂರಿನಲ್ಲಿ ಹದಿನೈದು ದಿನಗಳ ಎಂಜಿನಿಯರಿಂಗ್ ಮತ್ತು ವಿನ್ಯಾಸ ಶಿಬಿರ ನಡೆದಿತ್ತು. ಶಿಡ್ಲಘಟ್ಟದಲ್ಲಿ ಗಣಿತ ಪಾಠ ಮಾಡುವ ನನ್ನನ್ನು, ರಜೆಯಲ್ಲಿ ಹೇಗೂ ಸುಮ್ಮನೆ ಕೂತಿರುತ್ತೀರಲ್ಲ ಎಂದು, ಹುಡುಗಿಯರನ್ನು ನೋಡಿಕೊಳ್ಳಲು ಕಳಿಸಿದ್ದರು. ಹದಿನೈದು ದಿನ ಗರಗಸದ ಸದ್ದು, ಬೆಸುಗೆಯ ಹೊಗೆ, ಉಪ್ಪಿಲ್ಲದ ಉಪ್ಪಿಟ್ಟು. ಪ್ರತಿ ಹುಡುಗಿಯೂ ತನ್ನ ಮನೆಯ ಒಂದು ತೊಂದರೆಯನ್ನು ಆರಿಸಿಕೊಂಡು, ಅದಕ್ಕೊಂದು ಸಾಧನವನ್ನು ತನ್ನ ಕೈಯಾರೆ ಮಾಡಬೇಕಿತ್ತು. ಸಾದಲಿಯ ಮಂಜುಳ ಆರಿಸಿಕೊಂಡದ್ದು ಚಂದ್ರಿಕೆಯನ್ನು.

ರೇಷ್ಮೆಹುಳು ಗೂಡು ಕಟ್ಟಲು ಬಿಡುವ ಬಿದಿರಿನ ಚಾಪೆಗೆ ಚಂದ್ರಿಕೆ ಎನ್ನುತ್ತಾರೆ. ಆರಡಿ ಉದ್ದ, ನಾಲ್ಕಡಿ ಅಗಲ, ಮೈತುಂಬ ಸುರುಳಿ ಸುತ್ತಿದ ಬಿದಿರಿನ ಪಟ್ಟಿ. ನಮ್ಮ ಕಡೆಯ ಬಾಯಲ್ಲಿ ಅದು ಚಂದ್ರಂಕಿ. ಬಾಗಿಲಲ್ಲಿ ತೂರುವುದಿಲ್ಲ, ಮನೆಯಲ್ಲಿ ಇಡಲು ಜಾಗವಿಲ್ಲ, ಬಾಡಿಗೆಗೆ ತಂದರೆ ತಲೆಯ ಮೇಲೆ ಹೊರಬೇಕು. ಮಂಜುಳ ಅದನ್ನು ಎರಡು ತುಂಡು ಮಾಡಿ, ನಡುವೆ ಕಬ್ಬಿಣದ ಕೀಲು ಕೂರಿಸಿ, ಪುಸ್ತಕದಂತೆ ಮಡಚುವ ಹಾಗೆ ಮಾಡಿದ್ದಳು. ಕೆಲಸ ಚೆನ್ನಾಗಿತ್ತು. ಅದನ್ನು ನಾನು ಅವಳಿಗೆ ಹೇಳಿರಲಿಲ್ಲ.

ಜಗಳವಿದ್ದದ್ದು ಬಣ್ಣದ ವಿಷಯಕ್ಕೆ. ಕೊನೆಯ ದಿನ ಮಧ್ಯಾಹ್ನ ಮೂರಕ್ಕೆ ಚಿಂತಾಮಣಿಯಲ್ಲಿ ಪ್ರದರ್ಶನ. ಅಲ್ಲಿ ಆಯ್ಕೆಯಾಗುವ ಒಬ್ಬ ಹುಡುಗಿಗೆ ಡಿಪ್ಲೊಮಾ ಸೀಟು, ಹಾಸ್ಟೆಲ್ಲಿನಲ್ಲಿ ಊಟ ವಸತಿ. ಮಂಜುಳಳ ಅಪ್ಪ ಅವಳನ್ನು ಬಿಟ್ಟುಹೋಗಲು ಬಂದಾಗಲೇ ಹೇಳಿದ್ದರು: "ಸೀಟು ಸಿಕ್ರೆ ಓದ್ಲಿ ಮೇಡಂ. ಇಲ್ದಿದ್ರೆ ಮನೇಲಿ ಹುಳ ನೋಡ್ಕೊಂಡು ಇರ್ತಾಳೆ." ಬೆಂಗಳೂರಿನಿಂದ ಬಂದಿದ್ದ ಶಿಬಿರದ ಮುಖ್ಯಸ್ಥರಿಗೆ ಮಾತ್ರ ಎಲ್ಲವೂ ಹೊಳೆಯಬೇಕು. "ಫಿನಿಶಿಂಗ್ ಇಲ್ಲದ ವಸ್ತು ವಸ್ತುವೇ ಅಲ್ಲ" ಎಂದು ದಿನಕ್ಕೆ ಮೂರು ಸಲ ಹೇಳುತ್ತಿದ್ದರು. ಇಪ್ಪತ್ತೊಂಬತ್ತು ಹುಡುಗಿಯರು ಬಣ್ಣ ಬಳಿದರು. ಮಂಜುಳ ಬಳಿಯಲಿಲ್ಲ. ಕೀಲಿಗೆ ಒಂದು ತೊಟ್ಟು ಎಣ್ಣೆಯನ್ನೂ ಬಿಡಲಿಲ್ಲ. ಕೇಳಿದರೆ ಒಂದೇ ಉತ್ತರ: "ವಾಸ್ನೆ ಬಂದ್ರೆ ಹುಳ ಗೂಡು ಕಟ್ಟಲ್ಲ ಮಿಸ್."

"ಪ್ರದರ್ಶನಕ್ಕೆ ಯಾವ ಹುಳ ಬರುತ್ತೆ ಮಾರಾಯ್ತಿ!" ಎಂದು ನಾನು ತಲೆ ಚಚ್ಚಿಕೊಂಡೆ. ಆಮೇಲೆ ನೀಲಿ ಬಣ್ಣದ ಒಂದು ಸಣ್ಣ ಡಬ್ಬಿ ಮತ್ತು ಬ್ರಷ್ ತಂದು ನನ್ನ ಚೀಲಕ್ಕೆ ಹಾಕಿಕೊಂಡೆ. ದಾರಿಯಲ್ಲಿ ಎಲ್ಲಾದರೂ ನಾನೇ ಬಳಿದುಬಿಡುವುದೆಂದು ತೀರ್ಮಾನಿಸಿದ್ದೆ.

ಎಲ್ಲ ವಸ್ತುಗಳನ್ನೂ ಸಾಗಿಸಲು ಬಂದ ವ್ಯಾನಿನಲ್ಲಿ ಎಲ್ಲದಕ್ಕೂ ಜಾಗವಿತ್ತು, ಚಂದ್ರಿಕೆಗೆ ಮಾತ್ರ ಇರಲಿಲ್ಲ. ಹಾಗಾಗಿ ನಮಗೆ ಬಸ್ಸೇ ಗತಿ. ಚಿಕ್ಕಬಳ್ಳಾಪುರಕ್ಕೆ ಮೂವತ್ತೈದು ಕಿಲೋಮೀಟರ್, ಆರು ರೂಪಾಯಿ. ಕಂಡಕ್ಟರ್ ಚಂದ್ರಿಕೆಗೂ ಆರು ರೂಪಾಯಿ ಕೇಳಿದ.

"ಟಿಕೆಟ್ ಕೊಟ್ಟ ಮೇಲೆ ಸೀಟೂ ಕೊಡಿ" ಎಂದೆ.

"ಅದ್ಯಾಕಮ್ಮ ಸೀಟು? ಅದಕ್ಕೇನು ಕಾಲು ನೋಯ್ತದಾ?"

"ನನಗೆ ನೋಯುತ್ತೆ" ಎಂದು ಚಂದ್ರಿಕೆಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಕಡೆಗೆ ನಾವಿಬ್ಬರು ನಿಂತೆವು, ಅದು ಕೂತು ಬಂತು. ಎಣ್ಣೆ ಕಾಣದ ಕೀಲು ಪ್ರತಿ ಗುಂಡಿಗೂ ಕಿರ್ರೆನ್ನುತ್ತಿತ್ತು. ಬಸ್ಸಿನವರೆಲ್ಲ ನನ್ನನ್ನೇ ನೋಡುತ್ತಿದ್ದರು, ಕಿರುಗುಟ್ಟುತ್ತಿರುವುದು ನಾನೇ ಎಂಬಂತೆ. ಮಂಚೇನಹಳ್ಳಿ ದಾಟಿದ ಮೇಲೆ ಟೈರು ಪಂಕ್ಚರಾಯಿತು. ಬೇರೆ ಟೈರು ಇತ್ತು, ಜಾಕ್ ಇರಲಿಲ್ಲ. ಹಿಂದಿನಿಂದ ಬಂದ ಲಾರಿಯವನೊಬ್ಬ ಜಾಕ್ ಕೊಡುವವರೆಗೆ ಒಂದೂವರೆ ಗಂಟೆ ಹುಣಸೆಮರದ ಕೆಳಗೆ ಕಳೆದೆವು.

ಚಿಕ್ಕಬಳ್ಳಾಪುರ ತಲುಪಿದಾಗ ಹತ್ತೂವರೆ. ನಿಲ್ದಾಣದ ಹೋಟೆಲಿನಲ್ಲಿ ಇಡ್ಲಿ ಮುಗಿದಿತ್ತು. ಚಿತ್ರಾನ್ನ ತಿಂದೆವು. ಶಿಡ್ಲಘಟ್ಟದ ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು, ಬಿಸಿಲೂ ಬೇಕಾದಷ್ಟಿತ್ತು. ಬಣ್ಣಕ್ಕೆ ಇದೇ ಸಮಯವೆಂದು ನಾನು ಒಂದು ರೂಪಾಯಿಯ ನಾಣ್ಯದಿಂದ ಡಬ್ಬಿಯ ಮುಚ್ಚಳ ಎಬ್ಬಿದೆ. ಮಂಜುಳ ಚಂದ್ರಿಕೆಯನ್ನು ನೆಲದ ಮೇಲೆ ಇಟ್ಟು, ಕೈ ಅಗಲಿಸಿ ಅದರ ಮೇಲೆ ಬಗ್ಗಿ ನಿಂತಳು.

"ಏಳೇ."

"ಆಗಲ್ಲ ಮಿಸ್."

"ನಿನ್ನ ಸೀಟಿಗೋಸ್ಕರ ಕಣೇ ನಾನು ಒದ್ದಾಡ್ತಿರೋದು! ನನಗೇನು ಬರುತ್ತೆ ಇದರಿಂದ?"

"ಗೊತ್ತು ಮಿಸ್. ಆದ್ರೂ ಆಗಲ್ಲ. ಬಣ್ಣ ಹಚ್ಚಿದ್ರೆ ಇದು ಬರೀ ಬೊಂಬೆ ಆಗ್ತದೆ."

ನಾನು ಅವಳ ತೋಳು ಹಿಡಿದು ಎಳೆಯಹೋದೆ. ಡಬ್ಬಿ ಅಲುಗಿ ನನ್ನ ಸೀರೆಯ ಅಂಚಿಗೆ ಅಂಗೈಯಗಲ ನೀಲಿ ಚೆಲ್ಲಿತು. ಚಂದ್ರಿಕೆಗೆ ಒಂದು ಹನಿಯೂ ತಾಗಲಿಲ್ಲ. ಶಿಡ್ಲಘಟ್ಟದವರೆಗಿನ ಹದಿನೈದು ಕಿಲೋಮೀಟರ್ ನಾನು ಸೀರೆಯ ಅಂಚು ಉಜ್ಜುತ್ತಲೇ ಹೋದೆ.

ಶಿಡ್ಲಘಟ್ಟದಲ್ಲಿ ಚಿಂತಾಮಣಿಯ ಬಸ್ಸು ಹತ್ತಿ ಕೂತಾಗ ಹನ್ನೆರಡೂ ಮುಕ್ಕಾಲು. ಕೆದರಿದ ತಲೆಯ, ಬೆವರು ಸುರಿಸುತ್ತಿದ್ದ ಒಬ್ಬ ಹೆಂಗಸು ಓಡಿಬಂದು ಹತ್ತಿದಳು. ಹೆಸರು ನಾರಾಯಣಮ್ಮ ಎಂದು ಆಮೇಲೆ ತಿಳಿಯಿತು. ಅವಳ ಕಣ್ಣು ನೇರ ಚಂದ್ರಿಕೆಯ ಮೇಲೆ ಬಿತ್ತು.

"ಚಂದ್ರಂಕಿ ಬಾಡಿಗೆಗಾ ಅಮ್ಮಯ್ಯ? ನಂಗೆ ಕೊಡ್ತೀನಿ ಅಂದೋರು ಬೇರೇರಿಗೆ ಕೊಟ್ಬಿಟ್ಟವ್ರೆ. ಬೆಳಗ್ಗಿಂದ ಊರೆಲ್ಲ ಸುತ್ತಿದೀನಿ. ಅಲ್ಲಿ ಹುಳ ಹಣ್ಣಾಗಿ ತಟ್ಟೆ ಅಂಚಿಗೆ ಬರ್ತಾ ಅವೆ."

ಹಣ್ಣಾದ ಹುಳು ತಟ್ಟೆಯಲ್ಲಿನ ಸೊಪ್ಪು ಬಿಟ್ಟು ತಲೆಯೆತ್ತಿ ಗೂಡಿಗೆ ಜಾಗ ಹುಡುಕುತ್ತದೆ. ಅರ್ಧ ದಿನವೂ ಕಾಯುವುದಿಲ್ಲ. ಸಿಕ್ಕಲ್ಲಿ ನೂಲು ಬಿಟ್ಟು ಹಾಳಾಗುತ್ತದೆ. ಒಂದು ತಿಂಗಳ ದುಡಿಮೆ ಅಲ್ಲಿಗೆ ಮುಗಿಯಿತು. ಹಾಗೆ ಕೇಳಿಕೊಂಡು ಬಂದವರಿಗೆ ಖಾಲಿ ಇರುವ ಚಂದ್ರಿಕೆಯನ್ನು ಕೊಡುವುದಿಲ್ಲ ಎನ್ನುವ ರೂಢಿ ನಮ್ಮ ಕಡೆ ಇಲ್ಲ. ಅದು ನನಗೂ ಗೊತ್ತಿತ್ತು. ಆದರೂ ಬಾಯಿ ಹಾಕಿದೆ.

"ಇದು ಪ್ರದರ್ಶನಕ್ಕಮ್ಮ. ಕೊಡೋದಲ್ಲ."

ನಾರಾಯಣಮ್ಮ ನನ್ನ ಮಾತು ಕೇಳಿಸಿಕೊಳ್ಳಲೇ ಇಲ್ಲ. ಬಗ್ಗಿ ಬಿದಿರನ್ನು ಮೂಸಿದಳು. "ಬಣ್ಣಗಿಣ್ಣ ಏನೂ ಇಲ್ಲ ತಾನೆ?"

"ಇಲ್ಲಕ್ಕ" ಎಂದಳು ಮಂಜುಳ. "ತೊಳ್ದು ಬಿಸ್ಲಿಗೆ ಒಣಗ್ಸಿದೀನಿ. ತಗೊಂಡೋಗಿ."

ಕಣ್ಣಮುಂದೆಯೇ ಡಿಪ್ಲೊಮಾ ಸೀಟು ಬಸ್ಸಿಳಿಯಿತು. ಶಿಡ್ಲಘಟ್ಟದಿಂದ ನಾಲ್ಕು ಕಿಲೋಮೀಟರ್ ದಾಟಿದ ಮೇಲೆ ರಸ್ತೆ ಪಕ್ಕದ ಹಳ್ಳಿಯೊಂದರಲ್ಲಿ ನಾರಾಯಣಮ್ಮ ಅದನ್ನು ಕಂಕುಳಲ್ಲಿ ಅವುಚಿಕೊಂಡು ಇಳಿದು, ಹಿಂದೆ ನೋಡದೆ ಓಡಿದಳು. ನನಗೆ ಬಂದ ಸಿಟ್ಟಿಗೆ ಅಳು ಬಂತು. ಮಂಜುಳ ಮಾತ್ರ ಕಿಟಕಿಯಿಂದ ತಲೆ ಹೊರಹಾಕಿ, "ಓಡುವಾಗಲೂ ಮಡಚಿಯೇ ಇತ್ತು ಮಿಸ್, ನೋಡಿದ್ರಾ?" ಎಂದಳು.

ಚಿಂತಾಮಣಿಗೆ ಎರಡು ಗಂಟೆಗೆ ಮುಟ್ಟಿದೆವು. ಮೂರಕ್ಕೆ ಬರಬೇಕಾದ ಮುಖ್ಯ ಅತಿಥಿ ನಾಲ್ಕೂಕಾಲಿಗೆ ಬಂದರು. ಸಭಾಂಗಣದಲ್ಲಿ ಇಪ್ಪತ್ತೊಂಬತ್ತು ಮೇಜುಗಳ ಮೇಲೆ ಇಪ್ಪತ್ತೊಂಬತ್ತು ವಸ್ತುಗಳು ಫಳಫಳ ಹೊಳೆಯುತ್ತಿದ್ದವು. ಮೂವತ್ತನೆಯ ಮೇಜಿನ ಹಿಂದೆ ಮಂಜುಳ ಕೈಕಟ್ಟಿ ನಿಂತಿದ್ದಳು.

"ಎಲ್ಲಮ್ಮ ನಿನ್ನ ವಸ್ತು?" ಎಂದರು ಮುಖ್ಯಸ್ಥರು.

"ಕೆಲ್ಸ ಮಾಡ್ತಾ ಇದೆ ಸಾರ್."

ಅವರು ನನ್ನತ್ತ ತಿರುಗಿದರು. ನಾನು ನಡೆದದ್ದನ್ನೆಲ್ಲ ಹೇಳಿದೆ. "ಎದುರಿಗಿಲ್ಲದ ವಸ್ತುವಿಗೆ ಅಂಕ ಹೇಗೆ ಕೊಡಲಿ ಮೇಡಂ?" ಎಂದು ಕಡತ ಮುಚ್ಚಿದರು. ಬೆಳಗಿನಿಂದ ಎಲ್ಲರ ಮೇಲೂ ಕುದಿಯುತ್ತಿದ್ದ ನನ್ನ ಸಿಟ್ಟು ಅಲ್ಲಿ ಹೊರಬಿತ್ತು.

"ನಿಮ್ಮ ಜೀಪು ಬೆಂಗಳೂರಿಗೆ ಶಿಡ್ಲಘಟ್ಟದ ಮೇಲೇ ತಾನೆ ಹೋಗೋದು? ದಾರಿಯಲ್ಲೇ ಇದೆ. ಇಳಿದು ನೋಡಿ. ಹದಿನೈದು ದಿನ ಉಪ್ಪಿಲ್ಲದ ಉಪ್ಪಿಟ್ಟು ತಿಂದಿದ್ದೇನೆ, ಇಷ್ಟು ಕೇಳುವ ಹಕ್ಕು ನನಗಿದೆ."

ಆಯ್ಕೆಯಾದವರ ಹೆಸರನ್ನು ಆಮೇಲೆ ತಿಳಿಸುವುದಾಗಿ ಹೇಳಿ, ಕಾರ್ಯಕ್ರಮ ಮುಗಿದ ಮೇಲೆ ಮುಖ್ಯಸ್ಥರು ನಮ್ಮಿಬ್ಬರನ್ನೂ ಜೀಪಿಗೆ ಹತ್ತಿಸಿಕೊಂಡರು. ದಾರಿಯುದ್ದಕ್ಕೂ ಸಿಗರೇಟು ಸೇದುತ್ತಲೇ ಬಂದರು.

ನಾರಾಯಣಮ್ಮನ ಮನೆ ಸೇರಿದಾಗ ಸೂರ್ಯ ಇನ್ನೂ ಮುಳುಗಿರಲಿಲ್ಲ. ಹುಳುವಿನ ಮನೆ ಪಕ್ಕದಲ್ಲೇ ಇತ್ತು, ಬಾಗಿಲು ಸೊಂಟದಗಲ. ಮುಖ್ಯಸ್ಥರು ತಲೆ ಬಗ್ಗಿಸಿ ನುಗ್ಗುವಷ್ಟರಲ್ಲಿ ನಾರಾಯಣಮ್ಮ ಅಡ್ಡ ಬಂದಳು.

"ಸಾರ್, ಅಲ್ಲೇ ನಿಂತ್ಕಳಿ. ಸಿಗರೇಟ್ ವಾಸ್ನೆ. ಹುಳಕ್ಕಾಗಲ್ಲ." ಆಮೇಲೆ ನನ್ನತ್ತ ತಿರುಗಿ, ಸೀರೆಯ ಅಂಚು ನೋಡಿದಳು. "ಅಯ್ಯೋ ದೇವುಡಾ, ಬಣ್ಣ! ಅಕ್ಕ, ನೀವೂ ಹೊರಗೇ ಇರಿ. ಆ ಚೀಲ ದೂರ ಇಡಿ." ಮಂಜುಳಳಿಗೆ ಮಾತ್ರ, "ನೀನು ಕೈಕಾಲು ತೊಳ್ಕೊಂಡ್ ಬಾರಮ್ಮ" ಎಂದಳು.

ನಾವಿಬ್ಬರೂ ತಪ್ಪು ಮಾಡಿದವರ ಹಾಗೆ ಅಂಗಳದಲ್ಲಿ ನಿಂತೆವು. ಬಾಗಿಲ ಸಂದಿಯಿಂದ ಚಂದ್ರಿಕೆ ಕಾಣುತ್ತಿತ್ತು. ಮಡಚಿ ಒಳಗೆ ಒಯ್ದು, ಬಿಚ್ಚಿ ಓರೆಯಾಗಿ ನಿಲ್ಲಿಸಿದ್ದರು. ಸುರುಳಿಗಳ ನಡುವೆ ಹುಳುಗಳು ತಲೆಯಾಡಿಸುತ್ತ ನೂಲು ಬಿಡತೊಡಗಿದ್ದವು. ಚಿಕ್ಕಬಳ್ಳಾಪುರದಲ್ಲಿ ನನ್ನ ಕೈ ಮೇಲಾಗಿದ್ದರೆ ಇಷ್ಟೂ ಹುಳು ಹಾಳಾಗುತ್ತಿದ್ದವು.

"ಹೇಗಿದೆಯಮ್ಮ?" ಎಂದು ಮುಖ್ಯಸ್ಥರು ಅಂಗಳದಿಂದಲೇ ಕೂಗಿದರು.

"ಕೀಲು ತಪ್ಪಾಗಿದೆ ಸಾರ್" ಎಂದಳು ಮಂಜುಳ ಒಳಗಿನಿಂದ. "ಸಂದಿ ಜಾಸ್ತಿ ಆಗೈತೆ. ಹುಳ ಕೆಳಗೆ ಬೀಳ್ತಾ ಅವೆ. ಮತ್ತೆ ಮಾಡ್ಬೇಕು."

ಇದ್ದ ಒಂದು ಅವಕಾಶವನ್ನೂ ತನ್ನ ಬಾಯಿಂದಲೇ ಕಳೆದುಕೊಂಡಳಲ್ಲ ಎಂದು ನಾನು ಹಣೆಗೆ ಕೈ ಹಚ್ಚಿದೆ. ಮುಖ್ಯಸ್ಥರು ಜೀಪಿನ ಹತ್ತಿರ ಹೋಗಿ ಕಡತ ತಂದು, ಪೆನ್ನು ತೆಗೆದರು.

"ಹುಡುಗಿಯ ತಂದೆ ಹೆಸರೇನು ಮೇಡಂ? ಸೀಟಿನ ಅರ್ಜಿಗೆ ಬೇಕು."

ನಾನು ಹೆಸರು ಹೇಳುವಷ್ಟರಲ್ಲಿ ಒಳಗಿನಿಂದ ಮತ್ತೆ ಕೂಗು ಬಂತು: "ಮಿಸ್, ಬಿದ್ದ ಹುಳ ಎತ್ತಿಡ್ತಾ ಇದೀನಿ, ಕೈಗೆ ಬಿಡುವಿಲ್ಲ. ಸಂದಿ ಅಳತೆ ಹೇಳ್ತೀನಿ, ನೀವು ಬರ್ಕೊಳ್ಳಿ."

ದೂರ ಇಟ್ಟಿದ್ದ ಚೀಲದಿಂದ, ಬಣ್ಣದ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ, ನೋಟ್ ಪುಸ್ತಕ ತೆಗೆದೆ. ಬಾಗಿಲ ಹೊರಗೇ ನಿಂತು, ಅವಳು ಹೇಳಿದ್ದನ್ನು ಹೇಳಿದ ಹಾಗೆ ಬರೆದುಕೊಂಡೆ.