ಸುಗಂಧಾಬಾಯಿಯ ಈಸ್ಟರ್ ಹಾಡು

ಉದಗೀರದ ನಮ್ಮ ಚರ್ಚಿನಲ್ಲಿ ಜನ ಚಪ್ಪಾಳೆ ತಟ್ಟಿ ಹಾಡುವ ಹಾಡುಗಳೆಲ್ಲ ಸುಗಂಧಾಬಾಯಿಯವು. ಆಕೆ ರವಿಕೆ ಹೊಲಿಯುವ ಹೆಂಗಸು. ಹೊಲಿಗೆ ಮಿಷನ್ ತುಳಿಯುತ್ತಲೇ ಹಾಡಿನ ಸಾಲು ಕಟ್ಟುತ್ತಾಳೆ. ಗಂಡ ಮಾಣಿಕಪ್ಪ ಅದನ್ನು ಕೇಳಿ ಢೋಲಕಿ ಎಳೆದುಕೊಂಡರೆ ಹಾಡು ಉಳಿಯುತ್ತಿತ್ತು; ಸುಮ್ಮನೆ ಚಹಾ ಕುಡಿದರೆ ಹೋಗುತ್ತಿತ್ತು. ಅಳುವ ಹಾಡು ಆಕೆ ಒಂದೂ ಕಟ್ಟಿಲ್ಲ. ಕೇಳಿದರೆ, ಅದಕ್ಕೆ ಬೇರೆ ಮಂದಿ ಬೇಕಾದಷ್ಟಿದ್ದಾರೆ ಎನ್ನುತ್ತಿದ್ದಳು.

ಹೋದ ವರ್ಷ ಈಸ್ಟರಿಗೆ ಕಟ್ಟಿದ್ದು ಯೇಸುವಿನ ಗೋರಿಗೆ ನಸುಕಿನಲ್ಲಿ ಹೋದ ಹೆಂಗಸರ ಹಾಡು: ‘ಏಳ ಅಕ್ಕಾ, ಓಡ ಅಕ್ಕಾ, ಗೋರಿ ಖಾಲಿ ಆಗ್ಯದ.’ ಒಬ್ಬಳು ಕರೆಯಬೇಕು, ಸಭೆಯೆಲ್ಲ ಓಗೊಡಬೇಕು. ಕರೆಯುವವಳು ಎಂದಿನಂತೆ ತಾನೇ ಎಂದುಕೊಂಡಿದ್ದಳು. ಹಬ್ಬ ಹತ್ತಿರ ಬಂದಾಗ ಮಾಣಿಕಪ್ಪ ಎದೆನೋವಿನಿಂದ ತೀರಿಕೊಂಡ.

ಮಣ್ಣು ಮಾಡಿದ ಮುಂದಿನ ವಾರವೇ ಸಭೆಯ ಹಿರಿಯ ಕಾಶೆಪ್ಪ ಮನೆಗೆ ಬಂದ. ಹಾಡು ಇರಲಿ, ಆದರೆ ಅದನ್ನು ಗಾಯಕವೃಂದದ ಸೋನಾಲಿ ಹೇಳಲಿ ಎಂದ. ವರ್ಷ ತುಂಬುವವರೆಗೆ ವಿಧವೆ ಹಬ್ಬದ ದಿನ ಮುಂದೆ ನಿಲ್ಲಬಾರದಂತೆ, ಹಿಂದಿನ ಬೆಂಚಿನಲ್ಲಿ ಕೂಡಬೇಕಂತೆ. ಪಾಸ್ಟರ್ ಕೂಡ ಒಪ್ಪಿದ್ದರು.

“ಮಂದಿ ಏನಂತಾರ, ವೈನಿ?”

“ಮಂದಿ ಏನೂ ಅಂದಿಲ್ಲ. ಅಂದವರು ನೀವು. ಬೈಬಲ್‌ನಾಗ ಎಲ್ಲಿ ಬರದಾರ, ತೋರಸ್ರಿ.”

ಅದು ಬೈಬಲಿನ ಮಾತಲ್ಲ, ರಿವಾಜು ಎಂದ ಕಾಶೆಪ್ಪ.

ಯಾರ ರಿವಾಜು? ನಮ್ಮ ಅಜ್ಜಂದಿರು ಹಳೆಯ ದೇವರುಗಳನ್ನು ಬಿಟ್ಟರು, ಜಾತಿಯನ್ನೂ ಬಿಟ್ಟೆವೆಂದರು. ವಿಧವೆಯನ್ನು ಮೂಲೆಗೆ ಕೂಡಿಸುವುದನ್ನು ಮಾತ್ರ ಗಂಟು ಕಟ್ಟಿಕೊಂಡು ಬಂದರು. ಸತ್ತವನು ಎದ್ದನೆಂದು ಸಾರುವ ದಿನ ಗಂಡ ಸತ್ತವಳು ಬಾಯಿ ತೆರೆಯಬಾರದು. ಇದನ್ನು ಹೇಳಲು ಈ ಗಂಡಸರಿಗೆ ನಾಚಿಕೆಯಾಗಲಿಲ್ಲ.

ಈಸ್ಟರ್ ದಿನ ಚರ್ಚಿಗೆ ಮೊದಲು, ಹೊತ್ತು ಮೂಡುವಾಗ, ನಾವೆಲ್ಲ ಸ್ಮಶಾನಕ್ಕೆ ಹೋಗಿ ನಮ್ಮವರ ಗೋರಿಗಳ ಮೇಲೆ ಮೇಣಬತ್ತಿ ಹಚ್ಚುತ್ತೇವೆ. ಅಲ್ಲಿ ಬೆಂಚುಗಳಿಲ್ಲ. ಸುಗಂಧಾ ಮಾಣಿಕಪ್ಪನ ಹಸಿ ಮಣ್ಣಿನ ಮುಂದೆ ನಿಂತು, ಚಪ್ಪಾಳೆ ತಟ್ಟಿ, ‘ಏಳ ಅಕ್ಕಾ’ ಎಂದು ಕರೆದಳು. ಅದು ಜಗಳಕ್ಕೆ ನಿಂತವಳ ದನಿ. ಮೊದಲು ಸೋನಾಲಿ ಓಗೊಟ್ಟಳು, ಆಮೇಲೆ ಗೋರಿ ಗೋರಿಯ ಪಕ್ಕದಿಂದ ಹೆಂಗಸರು. ಪಾಸ್ಟರ್ ಕೈಗಡಿಯಾರ ನೋಡುತ್ತ ನಿಂತರು.

ಚರ್ಚಿನಲ್ಲಿ ಪಾಸ್ಟರ್ ಅದೇ ಹಾಡಿಗೆ ಕರೆದಾಗ ಸೋನಾಲಿ ಮೈಕಿನ ಹತ್ತಿರ ಹೋಗಿ, “ಆ ಹಾಡ ಹೇಳಿ ಆಗ್ಯದ್ರಿ, ಪಾಸ್ಟರ್,” ಎಂದು ತಿರುಗಿ ಬಂದು ಕುಳಿತಳು.

ಕ್ರಿಸ್‌ಮಸ್ಸಿಗೆ ಹೊಸ ಹಾಡು ಕೇಳಲು ಕಾಶೆಪ್ಪ ಮತ್ತೆ ಸುಗಂಧಾಳ ಮನೆಗೆ ಹೋದ. ಆ ರಿವಾಜು ತೆಗೆದುಹಾಕಿ ಬಂದರೆ ಹಾಡು ಕೊಡುತ್ತೇನೆ ಎಂದಳಂತೆ. ಚರ್ಚಿನ ಕಮಿಟಿ ಕೂಡಿ ಮಾತಾಡಿ ರಿವಾಜನ್ನೇ ಇಟ್ಟುಕೊಂಡಿತು. ಕ್ರಿಸ್‌ಮಸ್ ದಿನ ಹಳೆಯ ಹಾಡುಗಳನ್ನೇ ಹಾಡಿದೆವು.