ಒಂದೂವರೆ ಗೇಣು

ಕಾಕಾನ ಬಲಗೈಯಲ್ಲಿ ಕಿರುಬೆರಳು ಇರಲಿಲ್ಲ. ಬುಡದಲ್ಲಿ ಚರ್ಮ ಗಂಟು ಕಟ್ಟಿದಂತೆ ಸುಕ್ಕಾಗಿ, ನುಣ್ಣಗೆ ಹೊಳೆಯುತ್ತಿತ್ತು. ಚಹಾದ ಲೋಟ ಹಿಡಿದಾಗ ಉಳಿದ ಬೆರಳುಗಳು ಒಂದಕ್ಕೊಂದು ಒತ್ತಿಕೊಂಡು ಆ ಖಾಲಿ ಜಾಗವನ್ನು ಮರೆಮಾಡಲು ನೋಡುತ್ತಿದ್ದವು. ಗೋವಾದ ಕುಂಡಯಿಯಲ್ಲಿ ತಗಡು ಒತ್ತುವ ಮಷೀನಿನ ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಹೋದ ಬೆರಳು ಅದು. ಯಾರಾದರೂ ಕೇಳಿದರೆ, "ಗೋವಾದ ಒಳಗ ಬಿಡಾಕ ಜಕಾತಿ ತಗೊಂಡ್ರು" ಎಂದು ನಕ್ಕು ಮಾತು ಮುಗಿಸುತ್ತಿದ್ದರು.

ನಾನು ವೆರ್ಣಾದ ಒಂದು ಫ್ಯಾಕ್ಟರಿಗೆ ಸೇರಿ ಫಾತೋರ್ಡಾದ ಚಾಳಿನಲ್ಲಿ ಖೋಲಿ ಹಿಡಿದಾಗ ಪಕ್ಕದ ಖೋಲಿಯಲ್ಲಿ ಅವರಿದ್ದರು. ಇಂಡಿ ಕಡೆಯವರು. ಚಾಳಿನವರಿಗೆಲ್ಲ ಫೋಟೋ ಕಾಕಾ, ನನಗೆ ಬರೀ ಕಾಕಾ. ಮದುವೆಯಾಗಿರಲಿಲ್ಲ. ಬೆರಳು ಹೋದ ಸುದ್ದಿ ಊರಿಗೆ ಮುಟ್ಟಿದ ಮೇಲೆ ನಿಶ್ಚಯವಾಗಿದ್ದ ಸಂಬಂಧ ಮುರಿದಿತ್ತು. ಆಮೇಲೆ ಅವರು ಮತ್ತೊಂದು ಹುಡುಕಲಿಲ್ಲ, ಊರಿನವರೂ ಹುಡುಕಲಿಲ್ಲ. ತಮ್ಮನೊಬ್ಬ ದೀಪಾವಳಿಗೆ ಫೋನು ಮಾಡುತ್ತಿದ್ದ. ಆ ಫೋನು ಎರಡು ನಿಮಿಷಕ್ಕಿಂತ ಹೆಚ್ಚು ನಡೆದದ್ದನ್ನು ನಾನು ಕೇಳಿಲ್ಲ. ನಡುವಿನ ಗೋಡೆ ತೆಳ್ಳಗಿತ್ತು, ಕೇಳಿಸದೆ ಇರುವ ಹಾಗಿರಲಿಲ್ಲ.

ಫ್ಯಾಕ್ಟರಿಗೆ ಬೇಡವಾದ ಅವರನ್ನು ಮಡಗಾಂವದ ಹಳೆಯ ಫೋಟೋ ಸ್ಟುಡಿಯೋ ಒಂದು ಕರೆದು ಇಟ್ಟುಕೊಂಡಿತ್ತು. ಕಸ ಗುಡಿಸಲು ಹೋದವರು ಫೋಟೋ ತೆಗೆಯುವುದನ್ನು ಕಲಿತರು. ಸ್ಟುಡಿಯೋ ಮುಚ್ಚುವಾಗ ಮಾಲೀಕರು ಮೂಲೆಯಲ್ಲಿದ್ದ ಕಟ್ಟಿಗೆಯ ದೊಡ್ಡ ಕ್ಯಾಮೆರಾವನ್ನು ಇವರಿಗೇ ಕೊಟ್ಟರು. ಮೂರು ಕಾಲಿನ ಮೇಲೆ ನಿಲ್ಲಿಸಿ, ಹಿಂದೆ ಕರಿ ಬಟ್ಟೆ ಹೊದ್ದು ನೋಡುವ ಕ್ಯಾಮೆರಾ. ಮುಂದೆ ಲೆನ್ಸು, ಹಿಂದೆ ಗಾಜು, ನಡುವೆ ಹಾರ್ಮೋನಿಯಮ್ಮಿನ ಹಾಗೆ ಮಡಿಕೆ ಮಡಿಕೆಯ ಚರ್ಮ. ಕಾಕಾ ಅದನ್ನು ಕಮ್ಮಾರರ ಹಾಗೆ ತಿದಿ ಎನ್ನುತ್ತಿದ್ದರು. ಫಿಲ್ಮು ಸಿಗದ ಈ ಕಾಲದಲ್ಲಿ ಎಕ್ಸ್‌ರೇ ಫಿಲ್ಮು ತಂದು, ಬಚ್ಚಲಲ್ಲಿ ಕೆಂಪು ಬಲ್ಬು ಹಚ್ಚಿಕೊಂಡು, ಅಳತೆಗೆ ಕತ್ತರಿಸಿ ಹಾಕುತ್ತಿದ್ದರು.

ಭಾನುವಾರ ಗಾರೆ ಕೆಲಸದವರು, ಬೀಚಿನಲ್ಲಿ ಮಣಿಸರ ಮಾರುವ ನಮ್ಮ ಕಡೆಯ ಹೆಂಗಸರು ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದರು. ಎಲ್ಲರ ಕೈಯಲ್ಲೂ ಫೋನಿದೆ, ಆದರೂ ಊರಿಗೆ ಕಳಿಸಲು ಕಾಗದದ ಮೇಲಿನ ದೊಡ್ಡ ಫೋಟೋ ಬೇಕೆನ್ನುವವರು ಇನ್ನೂ ಇದ್ದರು. ಫೋನಿಗೆ ಹಲ್ಲು ಕಿರಿದು ಅಭ್ಯಾಸವಾದ ಅವರಿಗೆ ಕಾಕಾ ಹೇಳುತ್ತಿದ್ದುದು ಒಂದೇ ಮಾತು: "ನಗಬ್ಯಾಡ್ರಿ. ಊರು ನೆನಸ್ರಿ." ಆ ಮಾತಿಗೆ ಮುಖಗಳು ಹೇಗೆ ಸಡಿಲಾಗುತ್ತಿದ್ದವೆಂದರೆ, ನೋಡುತ್ತ ನಿಂತ ನನಗೂ ನಮ್ಮೂರು ನೆನಪಾಗುತ್ತಿತ್ತು.

ಅವರ ಹತ್ತಿರ ಟೇಪು ಇರಲಿಲ್ಲ. ಬಾಗಿಲ ಪರದೆ, ಚಪ್ಪಲಿ, ಪೇಟೆಯಿಂದ ತಂದ ಬಾಂಗಡೆ ಮೀನು, ಎಲ್ಲದರ ಅಳತೆಯೂ ಗೇಣಿನಲ್ಲೇ. "ಅಳತಿ ಕೈಯಾಗ ಇರಬೇಕು ತಮ್ಮಾ, ಪೆಟ್ಟಿಗ್ಯಾಗ ಅಲ್ಲ" ಎನ್ನುತ್ತಿದ್ದರು. ನನ್ನನ್ನು ಚುಚ್ಚಲಿಕ್ಕೆಂದೇ ಹೇಳುವ ಮಾತು ಅದು. ಫ್ಯಾಕ್ಟರಿಯಲ್ಲಿ ನನ್ನ ಕೆಲಸವೇ ಅಳೆಯುವುದು. ಎಂಟು ತಾಸು ಕುಳಿತು, ಬಂದ ಬಿಡಿಭಾಗವನ್ನೆಲ್ಲ ಕ್ಯಾಲಿಪರಿನಲ್ಲಿ ಹಿಡಿದು, ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಕೆಂಪು ಡಬ್ಬಕ್ಕೆ ಎಸೆಯುತ್ತೇನೆ. ಆ ಜಂಬ ನನಗಿತ್ತು.

ಒಂದು ಸಂಜೆ ಚಹಾ ಕುಡಿಯುತ್ತ ನಾನು ಸುಮ್ಮನೆ ಕೇಳಿದೆ. "ಕಾಕಾ, ನಿಮ್ಮ ಫೋಟೋ ಎಲ್ಲೈತ್ರಿ?"

"ಆಧಾರ್ ಕಾರ್ಡಿನ್ಯಾಗ ಐತಲ್ಲ."

"ಅದಲ್ರಿ. ಈ ಕ್ಯಾಮೆರಾದಾಗ ತಗದದ್ದು."

ಅವರು ಲೋಟ ಕೆಳಗಿಟ್ಟರು. "ತಗಿಯೋರು ಯಾರು? ಕ್ಯಾಮೆರಾದ ಹಿಂದ ನಾನs ಇರ್ತೀನಿ." ಆಮೇಲೆ ಹೇಳಿದ್ದನ್ನು ಗೋಡೆಗೆ ಹೇಳಿದರೋ ನನಗೋ ಗೊತ್ತಾಗಲಿಲ್ಲ. "ಗ್ವಾಡಿಗಿ ಹಾಕಾಕ ಅಲ್ಲ ತಮ್ಮಾ. ಸಾವಿರಾರು ಮಾರಿ ನೋಡೇತಿ ಇದು. ನನ್ನ ಮಾರಿ ಇದಕ್ಕ ಹೆಂಗ ಕಾಣ್ತೈತಿ, ಒಮ್ಮೆ ನೋಡಬೇಕು ಅನಿಸ್ತೈತಿ."

ನಾನು ಕಲಿಯುತ್ತೇನೆಂದೆ. ಆದರೆ ಲೆನ್ಸಿನ ತೊಡಕಿತ್ತು. ಮುಖ ತೆಗೆಯಲು ಬಳಸುತ್ತಿದ್ದ ಉದ್ದ ಲೆನ್ಸಿಗೆ ಗೋವಾದ ತೇವಕ್ಕೆ ಬೂಷ್ಟು ಹಿಡಿದು ಒಳಗೆಲ್ಲ ಜೇಡರ ಬಲೆಯಂತೆ ಆಗಿತ್ತು. ಉಳಿದದ್ದು ಗಿಡ್ಡ ಲೆನ್ಸು, ಇಡೀ ಸಂಸಾರ ನಿಂತರೆ ಸರಿ. ಮುಖ ತುಂಬಬೇಕೆಂದರೆ ಅದನ್ನು ಮೂಗಿನ ಹತ್ತಿರಕ್ಕೇ ಒಯ್ಯಬೇಕು. "ಮೂಗು ಬದನಿಕಾಯಿ ಆಗ್ತೈತಿ" ಎಂದರು ಕಾಕಾ. ಹೊಸದೊಂದು ಉದ್ದ ಲೆನ್ಸು ಬೇಕಿತ್ತು. ಆದರೆ ತಿದಿ ಈಗ ಗಿಡ್ಡವಾಗಿತ್ತು. ಹಿಂದಿನ ಮಡಿಕೆಗಳು ಹರಿದದ್ದರಿಂದ ಅಷ್ಟನ್ನು ಕತ್ತರಿಸಿ ತೆಗೆದು ಅಂಟಿಸಿದ್ದರು.

ಅವರು ಹೇಳಿಕೊಟ್ಟ ಲೆಕ್ಕ ಸರಳವಾಗಿತ್ತು. "ಲೆನ್ಸಿನ ಮ್ಯಾಲ ಎಷ್ಟು ಇಂಚು ಬರದಿರ್ತೈತೋ ಅಷ್ಟು ತಿದಿ ದೂರದ್ದು ನೋಡಾಕ ಬೇಕು. ಅದರ ಮ್ಯಾಲ ಉಳಿದದ್ದು ಹತ್ರದ್ದು ನೋಡಾಕ. ಹತ್ರ ಬರಬೇಕಂದ್ರ ತಿದಿ ಜಗ್ಗಬೇಕು ತಮ್ಮಾ." ಕಡಿಮೆ ಜಗ್ಗಿದರೂ ನಡೆಯುವ ಬೇರೆ ಮಾದರಿಯ ಲೆನ್ಸುಗಳೂ ಇವೆಯಂತೆ. ಅವು ನನಗೆ ಎಲ್ಲೂ ಸಿಗಲಿಲ್ಲ.

ಫೋನಿನಲ್ಲಿ ಹುಡುಕಿ ಹುಡುಕಿ, ಮುಂಬೈಯ ಒಬ್ಬರ ಹತ್ತಿರ ಎರಡು ಲೆನ್ಸು ಇರುವುದು ಗೊತ್ತಾಯಿತು. ಒಂದು ಹತ್ತು ಇಂಚಿನದು, ಒಂದು ಹನ್ನೆರಡು. ಯಾವುದು ಬೇಕೆಂದು ಕೂಡಲೇ ಹೇಳಬೇಕಿತ್ತು. ನಾನು ಕಂಪನಿ ಬಸ್ಸಿನಲ್ಲಿದ್ದೆ. ಅಲ್ಲಿಂದಲೇ ಕಾಕಾಗೆ ಫೋನು ಹಚ್ಚಿದೆ.

"ತಿದಿ ಪೂರಾ ಜಗ್ಗಿದ್ರ ಎಷ್ಟಾಗ್ತೈತ್ರಿ?"

"ತಡಿ." ಸ್ವಲ್ಪ ಹೊತ್ತು ಬಿಟ್ಟು, "ಒಂದೂವರಿ ಗೇಣು. ಮ್ಯಾಲ ಒಂದು ನೂಲು."

ಗೇಣೆಂದರೆ ಒಂಬತ್ತು ಇಂಚು, ಶಾಲೆಯಲ್ಲಿ ಕಲಿತದ್ದು. ಒಂದೂವರೆ ಗೇಣಿಗೆ ಹದಿಮೂರೂವರೆ. ಹನ್ನೆರಡರದ್ದು ತಂದರೂ ಒಂದೂವರೆ ಇಂಚು ಉಳಿಯುತ್ತದೆ, ದೊಡ್ಡದೇ ಇರಲಿ ಎಂದುಕೊಂಡೆ. ಹನ್ನೆರಡರದ್ದನ್ನೇ ತರಿಸಿದೆ.

ಲೆನ್ಸು ಬಂದ ಭಾನುವಾರ ಕಾಕಾ ಹೊಸ ಅಂಗಿ ತೊಟ್ಟು ಗೋಡೆಯ ಮುಂದೆ ಕುಳಿತರು. ನಾನು ಕರಿ ಬಟ್ಟೆಯೊಳಗೆ ತಲೆ ಹಾಕಿ ತಿದಿ ಜಗ್ಗಿದೆ. ಪೂರಾ ಜಗ್ಗಿದರೂ ಗಾಜಿನ ಮೇಲೆ ಅವರ ಮುಖ ಮಂಜಿನೊಳಗಿನ ಹಣ್ಣಿನ ಹಾಗೆ ಕಾಣುತ್ತಿತ್ತೇ ಹೊರತು ಕಣ್ಣು ಎಲ್ಲಿ, ಮೀಸೆ ಎಲ್ಲಿ ತಿಳಿಯುತ್ತಿರಲಿಲ್ಲ. ಬಾಗಿಲಾಚೆಯ ತೆಂಗಿನ ಮರದ ಕಡೆ ತಿರುಗಿಸಿದರೆ ಒಂದೊಂದು ಗರಿಯೂ ಚೊಕ್ಕವಾಗಿತ್ತು.

ಕಾಕಾ ಎದ್ದು ಬಂದು ಒಮ್ಮೆ ನೋಡಿದರು. ತಿದಿಯ ಮೇಲೆ ತಮ್ಮ ಕೈ ಅಗಲಿಸಿಟ್ಟರು. ಹೆಬ್ಬೆರಳಿಂದ ಉಂಗುರ ಬೆರಳಿನವರೆಗೆ, ಅದೇ ಅವರ ಗೇಣು. ಅದರ ಪಕ್ಕಕ್ಕೆ ನನ್ನ ಕೈ ಹಿಡಿದು ಇಡಿಸಿದರು. ನನ್ನ ಕಿರುಬೆರಳು ಅವರಿಗಿಂತ ಇಂಚು ಮುಂದೆ ಹೋಗಿತ್ತು. ಅವರ ಗೇಣು ಎಂಟೇ ಇಂಚು. ಒಂದೂವರೆ ಗೇಣಿಗೆ ಹನ್ನೆರಡು. ಲೆನ್ಸಿಗೂ ಹನ್ನೆರಡು. ಹತ್ತಿರದ್ದನ್ನು ನೋಡಲು ಉಳಿದದ್ದು ಒಂದು ನೂಲು, ಅಂದರೆ ಬಡಿಗರ ಲೆಕ್ಕದಲ್ಲಿ ಇಂಚಿನ ಎಂಟನೆಯ ಒಂದು ಪಾಲು.

ನನಗೆ ಭೂಮಿ ಬಾಯಿ ತೆರೆಯಬಾರದೇ ಅನಿಸಿತು. ಹತ್ತು ಇಂಚಿನ ಲೆನ್ಸಿಗೆಂದು ಮುಂಬೈಗೆ ಫೋನು ಹಚ್ಚಿದೆ, ಅದು ಮಾರಿಹೋಗಿತ್ತು. ಕಾಕಾ ಮಾತ್ರ ನಗುತ್ತಿದ್ದರು. "ತಪ್ಪು ನಂದs. ನನ್ನ ಕಿರುಬಟ್ಟು ಕುಂಡಯಿಯಾಗ ಐತಿ ಅಂತ ಹೇಳಬೇಕಿತ್ತು." ಆಮೇಲೆ ಲೆನ್ಸನ್ನು ಮುಂದಕ್ಕೆ ತಳ್ಳುವ ಹಾಗೆ ಒಂದು ಕಟ್ಟಿಗೆ ಡಬ್ಬಿ ಮಾಡಿಸಿ ಕೂಡಿಸಿದರೆ ಸರಿಹೋಗುತ್ತದೆಂದೂ ಅವರೇ ಹೇಳಿದರು. ಈ ಸಲ ನಾನು ಟೇಪು ಹಿಡಿದು ಅಳೆದೆ. ಎರಡೂವರೆ ಇಂಚಿನ ಡಬ್ಬಿ. ಮುಂದಿನ ಭಾನುವಾರದೊಳಗೆ ಮಾಡಿಸುತ್ತೇನೆಂದು ಮಾತು ಕೊಟ್ಟೆ.

"ಹೊಸ ಅಂಗಿ ಹಾಕ್ಕೊಂಡೀನಿ, ಫಿಲ್ಮೂ ತುಂಬೈತಿ" ಎಂದರು ಕಾಕಾ. "ಇದು ದೂರ ನೋಡ್ತೈತಲ್ಲ? ನಾನs ದೂರ ಹೋಗ್ತೀನಿ ನಡಿ."

ಚಾಳಿನ ಹಿಂದೆ ಕೊಯ್ದ ಗದ್ದೆಯಿತ್ತು. ಅಲ್ಲಿ ಕ್ಯಾಮೆರಾ ನಿಲ್ಲಿಸಿ ತಿದಿ ಪೂರಾ ಜಗ್ಗಿಟ್ಟೆವು. "ಚೊಕ್ಕ ಕಂಡ್ರ ಕೈ ಎತ್ತು, ನಿಂತ್ಬಿಡ್ತೀನಿ" ಎಂದು ಹೇಳಿ ಕಾಕಾ ನಡೆಯತೊಡಗಿದರು. ಆ ಗಾಜಿನ ಮೇಲೆ ಎಲ್ಲವೂ ತಲೆಕೆಳಗು. ಗದ್ದೆ ಮೇಲೆ, ಆಕಾಶ ಕೆಳಗೆ, ನಡುವೆ ತಲೆಕೆಳಗಾಗಿ ನಡೆಯುವ ಕಾಕಾ. ಹತ್ತು ಹೆಜ್ಜೆಗೊಮ್ಮೆ ನಿಂತು ತಿರುಗಿ "ಬಂತೇನ?" ಎನ್ನುತ್ತಿದ್ದರು. "ಇನ್ನೂ ಇಲ್ರಿ" ಎನ್ನುತ್ತಿದ್ದೆ. ಮತ್ತೆ ನಡೆಯುತ್ತಿದ್ದರು. ಆಮೇಲೆ ಅವರ ದನಿ ಸರಿಯಾಗಿ ಕೇಳಿಸದಾಯಿತು. ಬಟ್ಟೆಯೊಳಗಿನ ಕತ್ತಲಲ್ಲಿ, ದೂರವಾದಷ್ಟೂ ಅವರು ಸಣ್ಣಗಾಗುತ್ತ, ಸಣ್ಣಗಾದಷ್ಟೂ ಚೊಕ್ಕವಾಗುತ್ತ ಬಂದರು. ಸಾಕು, ವಾಪಸು ಬರ್ರಿ ಎಂದು ಕೂಗಬೇಕೆನಿಸಿತು. ನೂರು ಅಡಿ ದೂರದಲ್ಲಿ ಅಂಗಿಯ ಗುಂಡಿ ಸಾಲು ಕೂಡ ಕಾಣಿಸಿತು. ನಾನು ಹೊರಗೆ ಬಂದು ಕೈ ಎತ್ತಿದೆ. ಅವರೂ ಎತ್ತಿದರು.

ಊರು ನೆನೆಸಿರಿ ಎಂದು ಹೇಳುವುದಿತ್ತು. ಅಷ್ಟು ದೂರಕ್ಕೆ ಕೂಗಿ ಹೇಳುವ ಮಾತಾಗಿರಲಿಲ್ಲ ಅದು. ಯಾವ ಊರನ್ನು ನೆನೆಸಬೇಕೋ ಅವರಿಗೂ ಗೊತ್ತಿತ್ತೋ ಇಲ್ಲವೋ. ಕೈ ಇಳಿಸದೆಯೇ ನಿಂತಿದ್ದರು. ಹಾಗೇ ತೆಗೆದೆ.

ಡಬ್ಬಿ ಮಾಡಿಸಲಿಲ್ಲ. ಮುಂದಿನ ಭಾನುವಾರ ಓವರ್‌ಟೈಮು, ಅದರ ಮುಂದಿನದಕ್ಕೆ ಜ್ವರ, ಮೂರನೆಯದಕ್ಕೆ ಬರೀ ಆಲಸ್ಯ. ಕಾಕಾ ಒಮ್ಮೆಯೂ ನೆನಪಿಸಲಿಲ್ಲ. ಅವರಿಗೆ ಉಸಿರು ಕಟ್ಟಿದ್ದು ಒಂದು ಬುಧವಾರ ಮಧ್ಯಾಹ್ನ. ನಾನು ಶಿಫ್ಟಿನಲ್ಲಿದ್ದೆ, ಫೋನು ಲಾಕರಿನಲ್ಲಿತ್ತು. ಚಾಳಿನ ಹೆಂಗಸರು ಆಸ್ಪತ್ರೆಗೆ ಒಯ್ದರಂತೆ. ನಾನು ತಲುಪುವಷ್ಟರಲ್ಲಿ ಮುಗಿದಿತ್ತು.

ಎರಡು ದಿನದ ಮೇಲೆ ಸಾಮಾನು ಒಯ್ಯಲು ಕಾಕಾನ ತಮ್ಮ ಬಂದ. ಕ್ಯಾಮೆರಾ ಬೇಡವೆಂದ. ಮಾಲೆ ಹಾಕಲು ಫೋಟೋ ಇದೆಯೇ ಎಂದು ಕೇಳಿದ. ಇದ್ದ ಒಂದನ್ನು ಕೊಟ್ಟೆ. ಅವನು ಅದನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ, "ಇದರಾಗ ನಮ್ಮಣ್ಣ ಎಲ್ಲಿದಾನ್ರಿ?" ಎಂದ. ನಾನು ಬೆರಳಿಟ್ಟು ತೋರಿಸಿದೆ. ಗದ್ದೆಯ ನಡುವೆ ಹೆಬ್ಬೆರಳ ಉಗುರಿನಷ್ಟು ಮನುಷ್ಯ. ಅವನು ಫೋಟೋವನ್ನು ನನ್ನ ಕೈಗೇ ವಾಪಸು ಕೊಟ್ಟು ಆಧಾರ್ ಕಾರ್ಡು ತೆಗೆದುಕೊಂಡು ಹೋದ.

ಡಬ್ಬಿಯನ್ನು ಆಮೇಲೆ ಮಾಡಿಸಿದೆ. ಈಗ ಐದಾರು ಅಡಿ ದೂರದಲ್ಲಿ ಕುಳಿತವರ ರೆಪ್ಪೆಗೂದಲೂ ಚೊಕ್ಕವಾಗಿ ಬರುತ್ತದೆ. ರಜೆಯಿರುವ ಭಾನುವಾರ ಯಾರಾದರೂ ಬಂದರೆ ಫೋಟೋ ತೆಗೆಯುತ್ತೇನೆ. ಊರು ನೆನಸ್ರಿ ಎನ್ನುತ್ತೇನೆ. ಅವರು ನೆನೆಸುತ್ತಾರೆ.

ಅವರೆಲ್ಲ ಹೋದ ಮೇಲೆ ಒಮ್ಮೊಮ್ಮೆ ಕಾಕಾನ ಫಿಲ್ಮನ್ನು ಕಿಟಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡುತ್ತೇನೆ. ಮುಖ ಜೋಳದ ಕಾಳಿನಷ್ಟೂ ಇಲ್ಲ, ನಗುತ್ತಿದ್ದರೋ ಇಲ್ಲವೋ ತಿಳಿಯುವುದಿಲ್ಲ. ಎತ್ತಿದ ಕೈ ಮಾತ್ರ ಸ್ಪಷ್ಟವಾಗಿದೆ. ಬೆರಳು ಎಣಿಸಬಹುದು, ನಾಲ್ಕು. ಎರಡು ವರ್ಷ ದಿನಾಲೂ ಚಹಾದ ಲೋಟದ ಸುತ್ತ ನೋಡಿದ ಕೈ ಅದು. ಅಳೆಯುವುದೇ ನನ್ನ ಕೆಲಸ, ಆ ಒಂದು ದಿನ ಬಸ್ಸಿನಲ್ಲಿ ಕುಳಿತು ಆ ಕೈಯನ್ನೇ ಮರೆತೆ.